ಬೋರ್ ನೀರಿಂದ ನಳ, ಶವರ್, ಗೀಸರ್ ಎಲ್ಲಾ ಬೆಳ್ಳಗ ಕಟ್ಟಿಕೊಂಡಾವ, ಹೆಂಗ ತೆಗೀಬೇಕ್ರಿ? (ಕಲಬುರಗಿ)

ಸೇಡಂ ರೋಡ್ ಮನಿ

ಎಲ್ಲಾರಿಗೂ ನಮಸ್ಕಾರ್ರಿ. ನಾವು ಕಲಬುರಗಿ ಸೇಡಂ ರೋಡ್ ಕಡಿ ಹೊಸ ಲೇಔಟಿನಾಗ ಮನಿ ಕಟ್ಟಿ ಬಂದೀವಿ, ಇಲ್ಲಿ ಇನ್ನಾ ಕಾರ್ಪೊರೇಶನ್ ನಳ ಬಂದಿಲ್ಲ, ಜಳಕಕ್ಕ, ಅರಬಿಗಿ, ಭಾಂಡಿಗಿ ಎಲ್ಲಾದಕ್ಕೂ ಬೋರಿನ ನೀರೇ. ನೀರು ನೋಡ್ಲಿಕ್ಕೇನೋ ತಿಳಿ ಅದ, ಆದ್ರ ನಳದ ಬಾಯಿಗಿ ಬೆಳ್ಳನ್ನ ಗಟ್ಟಿ ಪೊರಿ ಕುಂತದ, ಉಗುರಿಲೆ ಕೆರದ್ರೂ ಬರಂಗಿಲ್ಲ, ಶವರಿನ ಅರ್ಧ ತೂತು ಮುಚ್ಚಿ ಹೋಗ್ಯಾವ, ಉಳಿದ ತೂತಿನಾಗಿಂದ ನೀರು ಗ್ವಾಡಿಗಿ ಹಾರತದ. ಗೀಸರ್ ಚಾಲೂ ಮಾಡಿದ್ರ ಒಳಗ ಕಟಕಟ ಸಪ್ಪಳ, ಮೊದಲಿಗಿಂತ ನೀರು ಕಾಯ್ಲಿಕ್ಕೆ ಭಾಳ ಹೊತ್ತು ಹಿಡೀಲಕತ್ತದ. ಚಹಾ ಕೆಟಲಿನ ತಳದಾಗ ಸುಣ್ಣ ಬಳದಂಗ ಆಗ್ಯದ. ಇದು ಸಾಲದು ಅಂತ ತೊಗರಿಬ್ಯಾಳಿ ಎಷ್ಟು ಸೀಟಿ ಹೊಡಸಿದ್ರೂ ಕರಗಂಗಿಲ್ಲ.

ನಮ್ಮ ಮನಿಯವರು ಸಂಡಾಸ್ ತೊಳಿಯೋ ಆಸಿಡ್ ತಂದು ಸುರುವಿಬಿಡ್ತೀನಿ ಅಂತಾರ, ನಾನು ಸದ್ಯಕ್ಕ ಬ್ಯಾಡ ಅಂದು ತಡದೀನಿ, ಯಾಕಂದ್ರ ಬಚ್ಚಲದಾಗ ಶಹಾಬಾದ್ ಫರಸಿ ಹಾಕಿಸೀವಿ, ಪಾಲಿಶ್ ಹೊಡಸಿದ್ದು. ಇದರ ನಡುವ ಒಬ್ಬ ಮಷೀನ್ ಮಾರೋ ಹುಡುಗ ಬಂದಿದ್ದ, ನಮ್ಮ ನೀರಿನಾಗ ಎರಡು ಕಡ್ಡಿ ಅದ್ದಿ ಕರೆಂಟ್ ಕೊಟ್ಟು ನೀರು ಕಂದು ಬಣ್ಣ ಮಾಡಿ ತೋರಿಸಿ "ನೋಡ್ರಿ ಮೇಡಂ ಇದನ್ನ ಕುಡೀಲಕತ್ತೀರಿ" ಅಂದ, ಮನಿ ಪೂರ್ತಿಗೆ ಸಾಫ್ಟನರ್, ಅಂದ್ರ ನೀರಿನಾಗಿನ ಸುಣ್ಣ ತೆಗಿಯೋ ಮಷೀನ್, ಹಾಕಿಸಿ ಅಂದ. ಇನ್ನೊಂದು ಅಂಗಡ್ಯಾಗ ಪೈಪಿಗಿ ಮ್ಯಾಗ್ನೆಟ್ ಕಟ್ಟಿದ್ರ ಸಾಕು ಅಂದ್ರು. ಯಾವುದನ್ನ ನಂಬಬೇಕು? ತಿಳಿದವರು ಹೇಳ್ರಿ, ಭಾಳ ಉಪಕಾರ ಆಗ್ತದ.

ಶಹಾಬಾದ್ ಕೆಮಿಸ್ಟ್ರಿ ಮಾಸ್ತರ

ತಂಗಿ, ಆಸಿಡ್ ತಡದೀರಲ್ಲ, ಭಾಳ ಚಲೋ ಕೆಲಸ ಮಾಡೀರಿ. ಮನಿ ಕಟ್ಟುವಾಗ ಉಳಿದ ಫರಸಿ ತುಂಡು ಇದ್ರ ಅಂಗಳಕ್ಕ ತಗೊಂಡು ಬಂದು ಅದರ ಮ್ಯಾಲ ನಾಕು ಹನಿ ನಿಂಬಿರಸ ಬಿಟ್ಟು ಬಗ್ಗಿ ನೋಡ್ರಿ. ಸಣ್ಣ ಸಣ್ಣ ಗುಳ್ಳಿ ಏಳ್ತಾವ, ಒರಸಿದ ಮ್ಯಾಲ ಆ ಜಾಗದ ಹೊಳಪು ಹೋಗಿ ಮಂಕಾಗಿರ್ತದ. ಈಗ ಅದೇ ನಿಂಬಿರಸ ನಳದ ಬಾಯಿಗಿ ಹಚ್ಚರಿ, ಅಲ್ಲೂ ಅವೇ ಗುಳ್ಳಿ. ಎರಡೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ನಳದ್ದು ಕರಗಸ್ತದ ಅನ್ನೋ ಯಾವ ಹುಳಿಯಾದ್ರೂ ನಿಮ್ಮ ಫರಸಿನೂ ತಿಂತದ, ಆಸಿಡ್ ಬ್ಯಾಗ ತಿಂತದ, ನಿಂಬಿರಸ ತಡಾ ಮಾಡಿ ತಿಂತದ, ಅಷ್ಟೇ ಫರಕು.

ಇದು ಎಲ್ಲಿಂದ ಬರ್ತದ ಅಂದ್ರ, ಶಹಾಬಾದ್, ವಾಡಿ, ಚಿತಾಪುರ, ಸೇಡಂ, ಮಳಖೇಡ ಈ ಕಡಿ ನೆಲದಡಿ ಇರೋದೆಲ್ಲಾ ಸುಣ್ಣಕಲ್ಲೇ, ಅದಕ್ಕೇ ಇಷ್ಟು ಸಿಮೆಂಟ್ ಫ್ಯಾಕ್ಟರಿ ಬಂದು ಕುಂತಾವ. ಕಲಬುರಗಿ ಕಡಿ ಮ್ಯಾಲ ಕರಿಕಲ್ಲು ಇದ್ರೂ ಅದರಾಗೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದೇ ಇರ್ತಾವ. ಮಳಿ ನೀರು ಮಣ್ಣಿನಾಗ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಹಿಡಕೊಂಡು ತುಸು ಹುಳಿ ಆಗ್ತದ, ಆ ಹುಳಿ ಕಲ್ಲನ್ನ ಕರಗಿಸಿ ಬೈಕಾರ್ಬೊನೇಟ್ ಮಾಡಿ ನೀರಿನಾಗ ಇಟ್ಕೋತದ, ಅದಕ್ಕೇ ನೀರು ತಿಳಿಯಾಗಿ ಕಾಣ್ತದ. ನೀವು ನೀರು ಕಾಸಿದ ಕೂಡ್ಲೇ ಆ ಗಾಳಿ ಹಾರಿ ಹೋಗಿ ಕಲ್ಲು ತಿರುಗಿ ಕಲ್ಲಾಗಿ ಕೂಡತದ. ಗೀಸರಿನಾಗ, ಕೆಟಲಿನಾಗ ಜಾಸ್ತಿ ಕಟ್ಟೋದು ಇದೇ ಕಾರಣಕ್ಕ. ನಳದ ಬಾಯಿ, ಟೈಲ್ಸ್ ಮ್ಯಾಲ ಕಟ್ಟೋದು ಹನಿ ಒಣಗಿ ಉಳಿದದ್ದು.

ತೆಗೀಲಿಕ್ಕೆ ಕಿರಾಣಿ ಅಂಗಡ್ಯಾಗ ನಿಂಬು ಸತ್ ಕೇಳ್ರಿ, ಅದೇ ಸಿಟ್ರಿಕ್ ಆಸಿಡ್, ಸಕ್ಕರಿ ತರಾ ಹಳಕು ಇರ್ತದ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗಿ ಎರಡು ದೊಡ್ಡ ಚಮಚ. ಕುದಿಯೋ ನೀರು ಬ್ಯಾಡ, ಭಾಳ ಬಿಸಿ ಇದ್ರ ಕ್ಯಾಲ್ಸಿಯಂ ಸಿಟ್ರೇಟ್ ಅನ್ನೋ ಇನ್ನೊಂದು ಬಿಳಿ ಪುಡಿ ಗಟ್ಟಿಯಾಗಿ ಕೂಡತದ, ಅದು ಬಿಸಿಗಿಂತ ತಣ್ಣಗಿನ ನೀರಿನಾಗ ಚಲೋ ಕರಗತದ. ಶವರಿಗಿ ಪ್ಲಾಸ್ಟಿಕ್ ಚೀಲದಾಗ ಈ ನೀರು ಹಾಕಿ ಶವರ್ ಮುಳುಗೂ ಹಂಗ ರಬ್ಬರ್ ಬ್ಯಾಂಡ್ ಕಟ್ಟಿ ಒಂದು ತಾಸು ಬಿಡ್ರಿ, ಆಮ್ಯಾಲ ಹಳೀ ಹಲ್ಲುಜ್ಜೋ ಬ್ರಶ್‌ಲೆ ತಿಕ್ಕರಿ. ಬಿಚ್ಚಲಿಕ್ಕೆ ಬರೋ ಶವರ್ ಇದ್ರ ಬಿಚ್ಚಿ ಡಬರಿಯಾಗ ಅದ್ದೋದು ಇನ್ನೂ ಚಲೋ. ನಳಕ್ಕ ಹತ್ತಿ ಅರಬಿ ಅದ್ದಿ ಸುತ್ತರಿ, ಅರ್ಧ ತಾಸು ಸಾಕು, ರಾತ್ರಿ ಪೂರ್ತಿ ಬಿಟ್ರ ಕ್ರೋಮಿನ ಹೊಳಪು ಹೋಗ್ತದ. ಕೆಳಗ ಬಕೀಟು ಇಡೋದು ಕಡ್ಡಾಯ, ಒಂದು ಹನಿ ಕೂಡ ಫರಸಿ ಮ್ಯಾಲ ಬೀಳಬಾರದು. ಫರಸಿ ಮ್ಯಾಲೇ ಬೆಳ್ಳಗ ಆಗಿದ್ರ ಅದಕ್ಕ ಹುಳಿ ಪದಾರ್ಥ ಯಾವುದೂ ಬ್ಯಾಡ, ಸಾಬಾಣ ನೀರು, ಬ್ರಶ್, ಮತ್ತ ಜಳಕ ಆದ ಮ್ಯಾಲ ವೈಪರ್‌ಲೆ ನೀರು ಎಳದು ಒಣಗಿಸೋದು, ಅಷ್ಟೇ ದಾರಿ.

ರಿಂಗ್ ರೋಡ್ ಹುಡುಗ

ಮಾಸ್ತರೇ ಇಷ್ಟೆಲ್ಲಾ ಯಾಕ್ರಿ, ನಮ್ಮ ಮನ್ಯಾಗ ಟೈಲ್ಸ್ ಅದಾವ, ಆಸಿಡ್ ಹಾಕಿ ಐದು ನಿಮಿಷದಾಗ ಬೆಳ್ಳಗ ಮಾಡ್ತೀವಿ. ಮ್ಯಾಲ ಸ್ವಲ್ಪ ಬ್ಲೀಚಿಂಗ್ ಪೌಡರ್ ಉದುರಿಸಿದ್ರ ವಾಸನಿನೂ ಹೋಗ್ತದ.

ಶಹಾಬಾದ್ ಕೆಮಿಸ್ಟ್ರಿ ಮಾಸ್ತರ

ತಮ್ಮಾ, ದಯವಿಟ್ಟು ಇದನ್ನ ಇವತ್ತಿಗೇ ಬಿಡು. ಆ ಆಸಿಡ್ ಅಂದ್ರ ಹೈಡ್ರೊಕ್ಲೋರಿಕ್, ಅದಕ್ಕ ಬ್ಲೀಚಿಂಗ್ ಪೌಡರ್ ಕೂಡಿದ್ರ ಕ್ಲೋರಿನ್ ಗಾಳಿ ಹೊರಗ ಬರ್ತದ. ಬಾಗಿಲು ಹಾಕಿದ ಸಣ್ಣ ಬಚ್ಚಲದಾಗ ಅದು ಎದೀಗಿ ಹೊಕ್ಕರ ಜೀವಕ್ಕೇ ಅಪಾಯ, ಮನ್ಯಾಗ ದಮ್ಮಿನವರು, ಸಣ್ಣ ಮಕ್ಕಳು ಇದ್ರಂತೂ ಕೇಳಬ್ಯಾಡ. ಆಸಿಡ್ ಒಂದನ್ನೇ ಹಾಕಿದ್ರೂ ಟೈಲ್ಸ್ ನಡುವಿನ ಸಿಮೆಂಟ್ ತಿಂತದ, ಸ್ಟೀಲ್ ಸಾಮಾನಿಗಿ ಕಲಿ ಬೀಳ್ತಾವ, ನಳದ ಪಾಲಿಶ್ ಹಾರ್ತದ, ಪಾಲಿಶ್ ಹೋದ ನಳಕ್ಕ ಸುಣ್ಣ ಮೊದಲಿಗಿಂತ ಬ್ಯಾಗ ಹಿಡೀತದ. ಟೈಲ್ಸ್ ಮ್ಯಾಲಿನ ಬಿಳಿ ಪದರದಾಗ ಅರ್ಧ ಸಾಬಾಣದ ಜಿಗಟು ಇರ್ತದ, ಇಂಥಾ ಸುಣ್ಣದ ನೀರಿನಾಗ, ಅಂದ್ರ ಗಡಸು ನೀರಿನಾಗ, ಸಾಬಾಣ ನೊರಿ ಬಿಡದ ಜಿಗಟಾಗಿ ಕೂಡತದ. ಅದಕ್ಕ ಮೊದಲು ಭಾಂಡಿ ತೊಳಿಯೋ ಲಿಕ್ವಿಡ್ ಬಿಸಿನೀರಿನಾಗ ಹಾಕಿ ತಿಕ್ಕಿ ತೊಳದು, ಆಮ್ಯಾಲ ನಿಂಬು ಸತ್ ನೀರು ಹಚ್ಚು. ಆಗ ಕೈ ನೋವಾಗದಂಗ ಬರ್ತದ.

ಗೀಸರ್ ರಿಪೇರಿ ಮಾಡಾಂವ, ಕಲಬುರಗಿ

ಅಕ್ಕಾರೆ, ಕಟಕಟ ಸಪ್ಪಳ ಅಂದ್ರ ಕಾಯಿಲ್ ಮ್ಯಾಲ ಸುಣ್ಣ ದಪ್ಪಗ ಕಟ್ಟ್ಯದ ಅಂತ ತಿಳ್ಕೋರಿ. ಆ ಪದರದ ಅಡಿ ಸಿಕ್ಕ ನೀರು ಆವಿ ಆಗಿ ಒಡೀತದ, ಆ ಸಪ್ಪಳ ಅದು. ಬಿಸಿ ನೀರಿಗಿ ಹೋಗದ ಕಾಯಿಲಿನಾಗೇ ಉಳೀತದ, ಕರೆಂಟ್ ಬಿಲ್ ಏರ್ತದ, ಕಡೀಕ ಕಾಯಿಲ್ ಸುಟ್ಟು ಎಂಸಿಬಿ (ಕರೆಂಟ್ ಜಾಸ್ತಿ ಆದ್ರ ತಾನೇ ಬಂದ್ ಆಗೋ ಬೋರ್ಡಿನ ಸ್ವಿಚ್) ಬೀಳ್ತದ. ಬ್ಯಾಸಗಿ ಹೋಗಿ ಥಂಡಿ ಬಂದ ಕೂಡ್ಲೇ ನಮಗ ಬರೋ ಫೋನ್ ಎಲ್ಲಾ ಇದರವೇ.

ಮಾಡೋದು ಹಿಂಗ: ಸ್ವಿಚ್ ಅಲ್ಲ, ಎಂಸಿಬಿನೇ ಕೆಳಗ ಮಾಡಬೇಕು, ನೀರು ತಣ್ಣಗಾಗಲಿಕ್ಕೆ ಬಿಡಬೇಕು, ಒಳ ನೀರು ಖಾಲಿ ಮಾಡಿ ಕೆಳಗಿನ ಪ್ಲೇಟ್ ಬಿಚ್ಚಿದ್ರ ಕಾಯಿಲ್ ಹೊರಗ ಬರ್ತದ. ವೈರಿನ ಕೆಲಸ ಗೊತ್ತಿಲ್ಲದವರು ಇದನ್ನ ಮಾಡಬ್ಯಾಡ್ರಿ, ಎಲೆಕ್ಟ್ರಿಷಿಯನ್ ಕರೀರಿ. ಟ್ಯಾಂಕಿನ ತಳದಾಗ ಮೊಟ್ಟಿ ಸಿಪ್ಪಿ ತರಾ ಚೂರು ಬಿದ್ದಿರ್ತಾವ, ನಿಮ್ಮ ಕಡಿ ಬೋರ್ ಮನಿಗಳಾಗ ಒಂದೊಂದು ಸಲ ಮುಷ್ಟಿಗಟ್ಟಲೆ ಬರ್ತಾವ. ಕಾಯಿಲನ್ನ ಸುತ್ತಿಗಿಲೆ ಬಡದು ಒಡೀಲಿಕ್ಕೆ ಯಾರಿಗೂ ಬಿಡಬ್ಯಾಡ್ರಿ, ಪೈಪಿಗಿ ಸೀಳು ಬಿದ್ದು ನೀರಿಗಿ ಕರೆಂಟ್ ಬರ್ತದ. ಬಕೀಟಿನಾಗ ಗಟ್ಟಿಯಾಗಿ ನಿಂಬು ಸತ್ ಕಲಸಿ, ಕನೆಕ್ಷನ್ ಇರೋ ತಲಿ ಹೊರಗಿಟ್ಟು ಬರೇ ಕಾಯಿಲ್ ಮುಳುಗಿಸಿ ಬಿಟ್ರ ತಾನೇ ಬುಸುಬುಸು ಅಂತ ಬಿಚ್ಚಿಕೋತದ. ಅಲ್ಲೇ ಪಕ್ಕದಾಗ ಒಂದು ಮೆಗ್ನೀಸಿಯಂ ರಾಡ್ ಇರ್ತದ, ಆನೋಡ್ ಅಂತೀವಿ, ಟ್ಯಾಂಕಿಗಿ ತುಕ್ಕು ಹಿಡಿಯೋ ಬದಲು ಅದು ತಾನು ಸವೀತದ. ಸವದು ಬರೇ ತಂತಿ ಉಳಿದಿದ್ರ ಅವತ್ತೇ ಬದಲಿ ಮಾಡಸ್ರಿ, ಅದಕ್ಕ ಸಣ್ಣ ರೊಕ್ಕ, ಟ್ಯಾಂಕ್ ತೂತು ಬಿದ್ರ ಗೀಸರೇ ಹೋಗ್ತದ. ಹೊಸಾ ಗ್ಯಾಸ್ಕೆಟ್ ಹಾಕಸ್ಲಿಕ್ಕೂ ಮರೀಬ್ಯಾಡ್ರಿ.

ಇನ್ನ ಮುಂದ ಕಟ್ಟದಂಗ ಏನ್ ಮಾಡಬೇಕು ಅಂದ್ರ ಥರ್ಮೊಸ್ಟ್ಯಾಟ್ 50 ರಿಂದ 55 ಡಿಗ್ರಿಗಿ ಇಳಸ್ರಿ. ನಮ್ಮ ಕಡಿ ಎಲ್ಲಾರೂ 70-75 ಕ್ಕ ಇಟ್ಟು ಆಮ್ಯಾಲ ಬಕೀಟಿನಾಗ ತಣ್ಣೀರು ಕೂಡಿಸ್ತಾರ, 60 ದಾಟಿದ ಮ್ಯಾಲ ಸುಣ್ಣ ಕೂಡೋದು ಭಾಳ ಜೋರಾಗ್ತದ. ಕಲಬುರಗಿ ಬಿಸಲಿಗಿ ವರ್ಷದಾಗ ಅರ್ಧ ದಿನ ಗೀಸರ್ ಬೇಕೇ ಆಗಂಗಿಲ್ಲ, ಆವಾಗ ಪೂರ್ತಿ ಬಂದ್ ಇಡ್ರಿ. ಸೋಲಾರ್ ಹಾಕಸೋ ವಿಚಾರ ಇದ್ರ ಬೋರ್ ನೀರಿಗಿ ಗಾಜಿನ ಟ್ಯೂಬಿನ ಮಾಡೆಲ್ಲೇ ತಗೋರಿ, ತಾಮ್ರದ ಸಣ್ಣ ಪೈಪಿನ ಪ್ಲೇಟ್ ಮಾಡೆಲ್ ಸುಣ್ಣದಿಂದ ಕಟ್ಟಿ ಬಂದ್ ಬೀಳ್ತದ, ಗಾಜಿನ ಟ್ಯೂಬ್ ಅಗಲ ಇರ್ತದ, ಬಿಚ್ಚಿ ತೊಳೀಲಿಕ್ಕೂ ಬರ್ತದ.

ಬೀದರ್ ಅಕ್ಕ

ನಾನು ಅಡಗಿಮನಿ ಮಾತು ಹೇಳ್ತೀನಿ. ಬ್ಯಾಳಿ ಕರಗದೇ ಇರೋದಕ್ಕ ಬ್ಯಾಳಿ ಕಾರಣ ಅಲ್ಲ ತಂಗಿ, ನಿಮ್ಮ ಊರಿನ ತೊಗರಿಬ್ಯಾಳಿಗಿ ಜಿಐ ಟ್ಯಾಗ್ ಬಂದದ, ಅಂಥಾ ಬ್ಯಾಳಿ ಅದು. ಗಡಸು ನೀರಿನಾಗಿನ ಕ್ಯಾಲ್ಸಿಯಂ ಬ್ಯಾಳಿಯೊಳಗಿನ ಪೆಕ್ಟಿನ್ ಹಿಡಕೊಂಡು ಬಿಗಿ ಮಾಡ್ತದ, ಅದಕ್ಕ ಕಾಳು ಕಾಳಾಗೇ ಉಳೀತದ. ಸೋಡಾ ಹಾಕಿದ್ರ ಮೆತ್ತಗ ಆಗ್ತದ ಖರೆ, ಆದ್ರ ರುಚಿನೂ ಕೆಡ್ತದ, ಬಿ1 ವಿಟಮಿನ್ನೂ ಹೋಗ್ತದ. ಕುಡಿಯೋ ಆರ್‌ಓ ನೀರಿನಾಗೇ ನೆನಸಿ ಅದರಾಗೇ ಕುದಸ್ರಿ, ಬ್ಯಾಳಿಗಿ ಎಷ್ಟು ನೀರು ಬೇಕಾಗ್ತದ ಹೇಳ್ರಿ, ಎರಡು ತಂಬಗಿ. ಹುಣಸಿಹುಳಿ, ಟೊಮ್ಯಾಟೊ ಬ್ಯಾಳಿ ಕುದ್ದ ಮ್ಯಾಲೇ ಹಾಕ್ರಿ, ಮೊದಲೇ ಹಾಕಿದ್ರ ಹುಳಿನೂ ಬ್ಯಾಳಿನ ಬಿಗಿ ಹಿಡೀತದ.

ಕುಕ್ಕರಿನ ತಳದಾಗ ಡಬ್ಬಿ ಇಟ್ಟು ಕುದಸುವಾಗ ಕೆಳಗಿನ ನೀರಿಗಿ ಹುಣಸಿಹಣ್ಣಿನ ಸಣ್ಣ ಚೂರು ಇಲ್ಲಾ ರಸ ಹಿಂಡಿದ ನಿಂಬಿ ಸಿಪ್ಪಿ ಒಗೀರಿ, ತಳ ಬೆಳ್ಳಗಾಗಂಗಿಲ್ಲ. ನಮ್ಮ ಅವ್ವ ಹಿತ್ತಾಳಿ ಹಂಡೆ ಹುಣಸಿಹಣ್ಣಿಲೆ ತಿಕ್ಕತಿದ್ಲು, ಅದು ಕಲಿಗಷ್ಟೇ ಅಲ್ಲ, ಒಳಗ ಕಟ್ಟಿದ ಸುಣ್ಣಕ್ಕೂ ಅದೇ ಔಷಧ ಇತ್ತು. ಕೆಟಲಿಗಿ ಮಾಸ್ತರು ಹೇಳಿದ ನಿಂಬು ಸತ್ ನೀರು ಅರ್ಧ ತಾಸು ಬಿಟ್ಟು ಚೆಲ್ಲಿ, ಎರಡು ಸಲ ಬರೇ ನೀರು ಕಾಸಿ ಚೆಲ್ಲರಿ. ಅಲ್ಯುಮಿನಿಯಂ ಭಾಂಡಿದಾಗ ಮಾತ್ರ ಹುಳಿ ನೀರು ಬಿಟ್ಟು ಮಲಗಬ್ಯಾಡ್ರಿ, ಹುಳಿ ಭಾಂಡಿನ ತಿಂತದ.

ಅರಬಿ ಮಷೀನಿಗಿ ಖಾಲಿ ಡ್ರಮ್ಮಿನಾಗ ಒಂದು ಬಟ್ಟಲು ನಿಂಬು ಸತ್ ಹಾಕಿ ಉಗುರುಬೆಚ್ಚಗಿನ ನೀರಿನ ಸೈಕಲ್ ಓಡಸ್ರಿ, ಪೌಡರ್ ಹಾಕಬ್ಯಾಡ್ರಿ, ಬ್ಲೀಚ್ ಅಂತೂ ಮೊದಲೇ ಬ್ಯಾಡ. ನೀರು ಬರೋ ಪೈಪಿನ ಬಾಯಾಗ ಸಣ್ಣ ಜಾಳಿಗಿ ಇರ್ತದ, ಅದನ್ನೂ ಬಿಚ್ಚಿ ಅದ್ದರಿ, ಮಷೀನಿಗಿ ನೀರು ಕಮ್ಮಿ ಬರೋದಕ್ಕ ಬಹಳ ಸಲ ಕಾರಣ ಅದೇ ಇರ್ತದ.

ಸೇಡಂ ರೋಡ್ ಮನಿ

ಎಲ್ಲಾರಿಗೂ ಕೈ ಮುಗೀತೀನ್ರಿ, ಇಷ್ಟು ವಿವರ ಯಾವ ಅಂಗಡ್ಯಾಗೂ ಹೇಳಲಿಲ್ಲ. ನಿಂಬು ಸತ್ ತರಿಸೀನಿ, ಶವರ್ ಬಿಚ್ಚಿ ಡಬರಿಯಾಗ ಹಾಕಿದ್ದೆ, ತೂತಿನಾಗಿಂದ ಬಿಳಿ ಕಡ್ಡಿ ತರಾ ಉದುರಿ ಬಿದ್ದು ಈಗ ನೀರು ನೆಟ್ಟಗ ಬರ್ಲಕತ್ತದ. ಇನ್ನ ಸಾಫ್ಟನರ್ ಮಾತು ಯಾರರೆ ಹೇಳ್ರಿ. ಆ ಹುಡುಗ ಟಿಡಿಎಸ್ ಮೀಟರ್ ಹಿಡದು ತೋರಿಸಿ ಮಷೀನ್ ಹಾಕಿದ್ರ ಈ ನಂಬರ್ ಇಳೀತದ ಅಂದ, ಅದು ಖರೇನಾ? ಮನಿ ಪೂರ್ತಿಗೆ ಹಾಕಸಬೇಕಾ?

ಯಾದಗಿರಿ ನೀರಿನ ಕೆಲಸದಾಂವ

ಮೇಡಂ, ಆ ಎರಡು ಕಡ್ಡಿ ಆಟ ನಂಬಬ್ಯಾಡ್ರಿ. ಆ ಕಡ್ಡಿ ಕಬ್ಬಿಣದ್ದಿರ್ತಾವ, ಕರೆಂಟ್ ಕೊಟ್ಟಾಗ ಕಡ್ಡಿಯ ಕಬ್ಬಿಣವೇ ಕರಗಿ ಕಂದು ಆಗ್ತದ, ನಿಮ್ಮ ನೀರಿನ ಹೊಲಸಲ್ಲ ಅದು. ಆರ್‌ಓ ನೀರಿನಾಗ ಲವಣ ಕಮ್ಮಿ ಇರೋದಕ್ಕ ಕರೆಂಟ್ ಹರಿಯಂಗಿಲ್ಲ, ಅದಕ್ಕ ಅದು ತಿಳಿ ಉಳೀತದ. ಆರ್‌ಓ ನೀರಿಗಿ ಒಂದು ಚಿಟಿಕಿ ಉಪ್ಪು ಹಾಕಿ ಮತ್ತ ಮಾಡಿ ತೋರಸು ಅನ್ರಿ, ಅದೂ ಕಂದು ಆಗ್ತದ.

ಟಿಡಿಎಸ್ ಬ್ಯಾರೆ, ಗಡಸುತನ ಬ್ಯಾರೆ. ಟಿಡಿಎಸ್ ಅಂದ್ರ ನೀರಿನಾಗ ಕರಗಿದ್ದ ಎಲ್ಲಾ ಲವಣ. ಸಾಫ್ಟನರ್ ಒಳಗಿನ ರೆಸಿನ್ (ಸಣ್ಣ ಸಣ್ಣ ಪ್ಲಾಸ್ಟಿಕ್ ಮಣಿ) ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಕೊಂಡು ಅದರ ಬದಲಿಗೆ ಸೋಡಿಯಂ ಬಿಡ್ತದ, ಹಂಗಾಗಿ ಸುಣ್ಣ ಕಟ್ಟೋದು ನಿಲ್ತದ, ಟಿಡಿಎಸ್ ನಂಬರ್ ಮಾತ್ರ ಸುಮಾರು ಅಷ್ಟೇ ಇರ್ತದ. ಅದು ಇಳೀತದ ಅಂದ್ರ ಸುಳ್ಳು ಹೇಳ್ಲಕತ್ತಾನ. ನೀವು ಕೇಳಬೇಕಾದ ನಂಬರ್ ಟೋಟಲ್ ಹಾರ್ಡ್‌ನೆಸ್, ಅಂದ್ರ ಒಟ್ಟು ಗಡಸುತನ. ಬಿಐಎಸ್ 10500, ಅಂದ್ರ ಕುಡಿಯೋ ನೀರಿನ ಸರ್ಕಾರಿ ಮಾನದಂಡ, ಅದರ ಪ್ರಕಾರ ಕುಡಿಯೋ ನೀರಿಗಿ ಲೀಟರಿಗೆ 200 ಮಿಲಿಗ್ರಾಂ ತನಕ ಇರಬೇಕು, ಬ್ಯಾರೆ ನೀರಿನ ದಾರಿ ಇಲ್ಲಂದ್ರ 600 ತನಕ ನಡೀತದ. ಹನಿ ಹಾಕಿ ನೋಡೋ ಸಣ್ಣ ಕಿಟ್ ಸಿಗ್ತದ, ನೀರು ಕೆಂಪಿನಿಂದ ನೀಲಿ ಆಗೂತನಕ ಹನಿ ಎಣಸೋದು, ಅಷ್ಟೇ ಕೆಲಸ. ಮಷೀನ್ ತಗೊಳ್ಳೋಕಿಂತ ಮೊದಲು ಇದನ್ನ ಮಾಡ್ರಿ, ಲ್ಯಾಬಿನಾಗ ಕೊಟ್ರ ಕಬ್ಬಿಣ, ಫ್ಲೋರೈಡ್ ಎರಡನ್ನೂ ಕೇಳ್ರಿ. ಕಬ್ಬಿಣ ಜಾಸ್ತಿ ಇದ್ರ ರೆಸಿನ್ ಕೆಡ್ತದ. ಫ್ಲೋರೈಡ್ ಅಂತೂ ಸಾಫ್ಟನರಿಗಿ ಹೋಗಂಗೇ ಇಲ್ಲ, ನಮ್ಮ ಯಾದಗಿರಿ ಕಡಿ ಎಷ್ಟೋ ಊರಾಗ ಅದೇ ದೊಡ್ಡ ತ್ರಾಸು, ಸಾಫ್ಟನರ್ ಹಾಕಿಸೀವಿ ಕುಡೀಲಿಕ್ಕೆ ಚಲೋ ಆತು ಅಂತ ಯಾರೂ ತಿಳ್ಕೋಬಾರದು.

ಈಗ ಲೆಕ್ಕ ನೋಡ್ರಿ, ಮಾರೋರು ಯಾರೂ ಇದನ್ನ ಬಿಡಿಸಿ ಹೇಳಂಗಿಲ್ಲ. ನಿಮ್ಮ ನೀರಿನ ಗಡಸುತನ 600 ಅದ ಅಂತ ಹಿಡೀರಿ. ಜಳಕ, ಅರಬಿಗಿ ದಿನಕ್ಕ 300 ಲೀಟರ್ ಬಳಸಿದ್ರ 180 ಗ್ರಾಂ ಸುಣ್ಣ ತೆಗೀಬೇಕು. ರೆಸಿನ್ ಲೀಟರಿಗೆ ಸುಮಾರು 50 ಗ್ರಾಂ ಹಿಡೀತದ, 10 ಲೀಟರ್ ರೆಸಿನ್ ಇದ್ರ 500 ಗ್ರಾಂ, ಅಂದ್ರ ಎರಡೂವರಿ ದಿನದ ಮ್ಯಾಲ ಉಪ್ಪು ನೀರಿಲೆ ತೊಳೀಬೇಕು, ಪ್ರತಿ ಸಲ ಒಂದು, ಒಂದೂವರಿ ಕಿಲೊ ಉಪ್ಪು. ಅದೇ ಮನಿ ಪೂರ್ತಿ, ಸಂಡಾಸಿನ ಫ್ಲಶ್, ಗಾಡಿ ತೊಳಿಯೋದು ಸೇರಿ 800 ಲೀಟರ್ ಆದ್ರ ದಿನಾ 480 ಗ್ರಾಂ, ಅಂದ್ರ ದಿನಾ ತೊಳೀಬೇಕು, ತಿಂಗಳಿಗಿ 30 ರಿಂದ 45 ಕಿಲೊ ಉಪ್ಪು, ಆ ಉಪ್ಪು ನೀರು ಎಲ್ಲಿ ಬಿಡ್ತೀರಿ? ಗಿಡಕ್ಕ ಬಿಟ್ರ ಗಿಡ ಒಣಗ್ತಾವ, ಮಣ್ಣೂ ಕೆಡ್ತದ. ಸಂಡಾಸಿಗಿ, ಗಿಡಕ್ಕ, ಅಂಗಳಕ್ಕ ಮೆತ್ತನ ನೀರು ಯಾಕ ಬೇಕು ಹೇಳ್ರಿ. ಮ್ಯಾಲಿನ ಟಾಕಿಯಿಂದ ಗೀಸರ್, ಬಚ್ಚಲ, ಅರಬಿ ಮಷೀನಿಗಿ ಬ್ಯಾರೆ ಲೈನ್ ಎಳಸಿ ಅದಕ್ಕಷ್ಟೇ ಹಾಕಸ್ರಿ. ಹೊಸ ಮನಿ ಅದ, ಪೈಪ್ ಹೊರಗ ಇದ್ರ ಪ್ಲಂಬರಿಗಿ ದೊಡ್ಡ ಕೆಲಸ ಅಲ್ಲ.

ಕುಡಿಯೋ, ಅಡಗಿ ಲೈನ್ ಇದರಾಗ ಸೇರಿಸಬ್ಯಾಡ್ರಿ. ಗಡಸುತನ 100 ಇಳಿಸಿದ್ರ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಏರ್ತದ, 600 ಇದ್ದ ನೀರಿಗಿ ಅದು 270 ದಾಟತದ, ಬಿಪಿ ಇದ್ದವರಿಗಿ ಅದು ಬ್ಯಾಡ. ಅಷ್ಟು ರೊಕ್ಕ ಈಗ ಬ್ಯಾಡ ಅಂದ್ರ ಗೀಸರ್, ಮಷೀನಿನ ಇನ್ಲೆಟ್ಟಿಗಿ ಪಾಲಿಫಾಸ್ಫೇಟ್ ಹಳಕಿನ ಸಣ್ಣ ಕಾರ್ಟ್ರಿಜ್ ಸಿಗ್ತಾವ, ಅವು ಸುಣ್ಣ ತೆಗಿಯಂಗಿಲ್ಲ, ಕೂಡದಂಗ ಹಿಡಕೋತಾವ. ಭಾಳ ಬಿಸಿ ಆದ್ರ ಅದರ ಕೆಲಸ ನಿಲ್ತದ, ಅದಕ್ಕೇ ಗೀಸರ್ ಅಣ್ಣಾರು ಹೇಳಿದ 50-55 ಡಿಗ್ರಿ ಇಲ್ಲೂ ಬೇಕು. ಇನ್ನ ಮ್ಯಾಗ್ನೆಟ್ ಕಟ್ಟಿದ್ರ ನೀರಿನಾಗಿಂದ ಒಂದು ಕಣ ಕ್ಯಾಲ್ಸಿಯಂ ಕೂಡ ಹೋಗಂಗಿಲ್ಲ. ಪರೀಕ್ಷಾ ಮಾಡಿದ ಕಡಿ ಒಂದು ಸಲ ಕೆಲಸ ಮಾಡ್ಯದ ಅಂತ, ಒಂದು ಸಲ ಇಲ್ಲ ಅಂತ ಬಂದದ. ಅಂಥಾದಕ್ಕ ನಾನಂತೂ ಯಾರಿಗೂ ರೊಕ್ಕ ಹಾಕ್ರಿ ಅನ್ನಂಗಿಲ್ಲ.

ಸೇಡಂ ರೋಡ್ ಮನಿ

ಲೆಕ್ಕ ನೋಡಿ ನಮ್ಮ ಮನಿಯವರೂ ಒಪ್ಪಿದ್ರು, ಬಚ್ಚಲ ಲೈನಿಗಷ್ಟೇ ಹಾಕಸೋಣ ಅಂದ್ರು, ಮೊದಲು ನೀರು ಟೆಸ್ಟಿಗಿ ಕೊಡ್ತೀವಿ. ಇನ್ನೊಂದು ಕಡೀ ಪ್ರಶ್ನೆ. ಮಳಿ ನೀರು ಹಿಡದ್ರ ಇದಕ್ಕೇನರೆ ಉಪಯೋಗ ಆದೀತಾ? ಮ್ಯಾಲ ಆರ್‌ಸಿಸಿ ಸ್ಲ್ಯಾಬ್ ಅದ, ಸಾವಿರ ಚದರಡಿ.

ಬೀದರ್ ಅಕ್ಕ

ಆಗ್ತದ ತಂಗಿ, ಹಿಡೀರಿ. ಮಳಿ ನೀರಿನಾಗ ಗಡಸುತನ ಇಲ್ಲೇ ಇಲ್ಲ ಅಂದ್ರೂ ನಡೀತದ, ಅದರಾಗ ತಲಿ ತೊಳಕೊಂಡು ನೋಡ್ರಿ, ಚೂರು ಸಾಬಾಣಕ್ಕ ಎಷ್ಟು ನೊರಿ ಬರ್ತದ.

ಯಾದಗಿರಿ ನೀರಿನ ಕೆಲಸದಾಂವ

ಒಂದು ಚದರ ಮೀಟರ್ ಮ್ಯಾಲ ಒಂದು ಮಿಲಿಮೀಟರ್ ಮಳಿ ಬಿದ್ರ ಒಂದು ಲೀಟರ್. ಸಾವಿರ ಚದರಡಿ ಅಂದ್ರ 93 ಚದರ ಮೀಟರ್, ವರ್ಷಕ್ಕ 700 ಮಿಲಿಮೀಟರ್ ಬಂತು, ಅದರಾಗ ನೂರಕ್ಕ 80 ಕೈಗೆ ಸಿಕ್ತು ಅಂದ್ರ 52 ಸಾವಿರ ಲೀಟರ್. ಎಲ್ಲಾ ಕೂಡಿಡ್ಲಿಕ್ಕೆ ಆಗಂಗಿಲ್ಲ, 5 ಸಾವಿರ ಲೀಟರಿನ ಟಾಕಿ ಇಟ್ರೂ ಮಿರಗದಿಂದ ಹಿಡದು ದಸರಾ ತನಕ ಅದು ತುಂಬ್ತಾ, ಖಾಲಿ ಆಗ್ತಾ ಇರ್ತದ. ಆ ನೀರು ಗೀಸರಿಗಿ, ಅರಬಿ ಮಷೀನಿಗಿ ಬಿಟ್ರ ಅಷ್ಟು ದಿನ ಸಾಫ್ಟನರಿನ ಉಪ್ಪಿನ ಖರ್ಚೇ ಇಲ್ಲ. ಉಳಿದ ನೀರು ಬೋರಿನ ಪಕ್ಕ ಇಂಗುಗುಂಡಿಗಿ ಬಿಡ್ರಿ. ಮೊದಲನೇ ಮಳಿ ನೀರು ಟಾಕಿಗಿ ಹೋಗದಂಗ ಹೊರಗ ಬಿಡೋ ವಾಲ್ವ್ ಇಡಸ್ರಿ, ಸ್ಲ್ಯಾಬಿನ ಧೂಳು, ಹಕ್ಕಿ ಹಿಕ್ಕಿ ಎಲ್ಲಾ ಅದರಾಗೇ ಬರ್ತದ. ಕುಡೀಲಿಕ್ಕೆ ಬಳಸೋದಿದ್ರ ಫಿಲ್ಟರ್ ಮಾಡಿ ಕುದಿಸೇ ಬಳಸಬೇಕು. ಟಾಕಿ ಬಿಸಲಿಗಿ ಬೀಳದಂಗ ಇಟ್ಟು ಓವರ್‌ಫ್ಲೋ ಪೈಪಿನ ಬಾಯಿಗಿ ಸೊಳ್ಳಿ ಜಾಳಿಗಿ ಕಟ್ಟರಿ.